ಹಸಿರು ನೀರಿನ ಹೆಪ್ಪು

ಪೆನಿಸಿಲಿನ್ನೋ, ಸ್ಟ್ರೆಪ್ಟೊಮೈಸಿನ್ನೋ? ಎರಡರಲ್ಲಿ ಒಂದು ಯೂಗ್ಲೀನಾ ಎಂಬ ಏಕಕೋಶ ಜೀವಿಗೆ ಏನೂ ಮಾಡುವುದಿಲ್ಲ, ಇನ್ನೊಂದು ಅದರ ಹಸಿರನ್ನೇ ಕಿತ್ತುಕೊಳ್ಳುತ್ತದೆ ಎಂದು ಎಂ.ಎಸ್ಸಿ. ಓದುವಾಗ ಎಲ್ಲೋ ಬರೆದುಕೊಂಡಿದ್ದ. ಯಾವುದು ಯಾವುದೆಂದು ವಿಜಯಕುಮಾರನಿಗೆ ನೆನಪಾಗಲಿಲ್ಲ. ನೆನಪಾಗಿ ಪ್ರಯೋಜನವೂ ಇರಲಿಲ್ಲ. ಪುಡಿ ಸುರಿದು ಆಗಲೇ ನಾಲ್ಕು ದಿನವಾಗಿತ್ತು.

ನಾತ ತಡೆಯಲಾಗದೆ ಸುರಿದಿದ್ದ. ಮಾಚೇನಹಳ್ಳಿಯ ಆ ಶೆಡ್ಡಿನಲ್ಲಿ ಮೂರ್ತಪ್ಪನವರು ಕಾಲೇಜುಗಳ ಪ್ರಾಕ್ಟಿಕಲ್ ಪರೀಕ್ಷೆಗೆ ಬೇಕಾದ ಸಣ್ಣ ಜೀವಿಗಳನ್ನು ಬೆಳೆಸಿ, ಬಾಟಲಿಗೆ ತುಂಬಿ ಶಿವಮೊಗ್ಗಕ್ಕೂ ಭದ್ರಾವತಿಗೂ ಕಳಿಸುತ್ತಿದ್ದರು. ಮೂವತ್ತು ವರ್ಷ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ಶೆಡ್ಡಿನ ತುಂಬ ಹನ್ನೆರಡು ಪ್ಲಾಸ್ಟಿಕ್ ಟಬ್ಬು. ಒಂದೊಂದರಲ್ಲೂ ಸೆಗಣಿ ಕದಡಿ ಸೋಸಿದ ನೀರು, ಬೇಯಿಸಿ ಹಾಕಿದ ಗೋಧಿ. ಕಾಳು ಕೊಳೆತು ಲೋಳೆಯಾಗಿ, ಮೇಲೆ ಕೆನೆ ಕಟ್ಟಿ, ಕೆನೆಯ ಸಂದಿಯಲ್ಲಿ ಸೊಳ್ಳೆಮರಿಗಳು ಬಾಲ ಆಡಿಸುತ್ತಿದ್ದವು. ಯೂಗ್ಲೀನಾ ಹಸಿರಾಗುವುದು ಆ ಗಬ್ಬಿನಲ್ಲೇ. ಬಿಸಿಲು ಬಿದ್ದ ಕಡೆಗೆಲ್ಲ ಈಜಿ ಬಂದು, ನೀರಿನ ಒಂದು ಬದಿ ದಪ್ಪ ಹಸಿರು ಬಣ್ಣ ಬಳಿದಂತಾಗುತ್ತಿತ್ತು. ಮಧ್ಯಾಹ್ನ ಊಟದ ಡಬ್ಬಿ ತೆರೆದರೆ ಬಸಳೆ ಸೊಪ್ಪಿನ ಸಾರೂ ಅದೇ ಬಣ್ಣ, ಅದೇ ಲೋಳೆ. ಅಲ್ಲಿ ಕೆಲಸಕ್ಕೆ ಸೇರಿದ ವಿಜಯಕುಮಾರ್ ಎಷ್ಟೋ ದಿನ ಬರೀ ಅನ್ನ ತಿಂದು ಕೈ ತೊಳೆದಿದ್ದ.

ಟಬ್ಬುಗಳನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು ಸತ್ಯಭಾಮಾ. ಭದ್ರಾವತಿಯಲ್ಲಿ ತಮ್ಮನ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಬರುವ, ನಲವತ್ತು ದಾಟಿದ ಹೆಂಗಸು. ಆಲ್ಕೊಳದ ಕಡೆ ಎಮ್ಮೆಗಳು ಬಿದ್ದು ಹೊರಳಾಡುತ್ತಿದ್ದ ಒಂದು ಹೊಂಡದಿಂದ ಮೊದಲ ಹಸಿರನ್ನು ತಂದವಳು ಅವಳೇ. ಅದನ್ನು ಕಿಟಕಿಯ ಹತ್ತಿರ ಗಾಜಿನ ಭರಣಿಯಲ್ಲಿಟ್ಟು, ಹದಿನೈದು ದಿನಕ್ಕೊಮ್ಮೆ ಹೊಸ ನೀರಿಗೆ ಒಂದು ಸೌಟು ಹಾಕಿ ಬೆಳೆಸುತ್ತಿದ್ದಳು.

“ಮೊಸರಿಗೆ ಹೆಪ್ಪು ಹಾಕ್ತೀವಲ್ಲ ಸಾರ್, ಅಷ್ಟೇ. ಇದಕ್ಕೆ ಎಮ್ಮೆಸ್ಸಿ ಬೇರೆ ಓದ್ಬೇಕಾ?” ಎಂದು ಮೊದಲ ದಿನವೇ ಅವನನ್ನು ಛೇಡಿಸಿದ್ದಳು.

ತಮ್ಮನ ಹೆಂಡತಿಗೆ ತವರಿರಲಿಲ್ಲ. ಹೆರಿಗೆಯಾದಾಗ, ತನ್ನ ತಾಯಿಗೆ ವಯಸ್ಸಾಗಿ ಕೈಲಾಗದ್ದರಿಂದ, ಬಾಣಂತನ ಸತ್ಯಭಾಮಾಳ ಮೇಲೆ ಬಿತ್ತು. ಹತ್ತು ದಿನ ರಜ ಹಾಕಿದಳು. ಹೋಗುವಾಗ ಹೇಳಿದ್ದಳು: “ಸಾರ್, ಗಬ್ಬು ನಾತ ಬರ್ತಿದ್ರೆ ಸರಿಯಾಗಿದೆ ಅಂತ. ಏನೂ ಹಾಕೋಕೆ ಹೋಗ್ಬೇಡಿ. ಆ ಕಡೆ ಮುಖ ತಿರುಗಿಸ್ಕೊಂಡು ಇದ್ಬಿಡಿ.”

ಎರಡು ದಿನ ಹಾಗೇ ಇದ್ದ. ಮೂರನೆಯ ದಿನ, ಮಾವನ ಶುಂಠಿ ಗದ್ದೆಗೆ ಕೊಳೆರೋಗಕ್ಕೆಂದು ತಂದಿಟ್ಟಿದ್ದ ಸ್ಟ್ರೆಪ್ಟೊಮೈಸಿನ್ ಪುಡಿಯ ಪೊಟ್ಟಣಗಳಲ್ಲಿ ಕೆಲವನ್ನು ಜೇಬಿಗೆ ಹಾಕಿಕೊಂಡು ಬಂದ. ಬ್ಯಾಕ್ಟೀರಿಯಾ ಸತ್ತರೆ ನಾತ ಸಾಯುತ್ತದೆ, ಅಷ್ಟೇ ಅವನ ಲೆಕ್ಕ. ಹನ್ನೆರಡು ಟಬ್ಬಿಗೂ ಹಾಕಿದ. ಉಳಿದ ಚಿಟಿಕೆಯನ್ನು ಭರಣಿಗೂ ಉದುರಿಸಿದ. ಎರಡೇ ದಿನದಲ್ಲಿ ನಾತ ಇಳಿಯಿತು. ಆವತ್ತು ಹೊಟ್ಟೆ ತುಂಬ ಉಂಡ.

ಈಗ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ಒಂದು ಹನಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದ. ಸತ್ತಿರಲಿಲ್ಲ. ಸತ್ತಿದ್ದರೆ ವಾಸಿಯಿತ್ತು. ಸಾವಿರಾರು ಯೂಗ್ಲೀನಾಗಳು ಮೈ ಹಿಗ್ಗಿಸಿ, ಕುಗ್ಗಿಸಿ, ಉರುಟಾಗಿ, ಮತ್ತೆ ಉದ್ದವಾಗಿ ಈಜುತ್ತಲೇ ಇದ್ದವು, ಒಳಗೆ ಹಸಿರಿನ ಒಂದು ಕಣವೂ ಇಲ್ಲದೆ. ಹಸಿರಿದ್ದಾಗ ಗಿಡದಂತೆ ಕಾಣುತ್ತಿದ್ದಂಥವು ಈಗ ಹುಳುಗಳಂತೆ ಕಂಡವು. ಹಸಿರು ಕಿತ್ತುಕೊಳ್ಳುವುದು ಸ್ಟ್ರೆಪ್ಟೊಮೈಸಿನ್ ಎಂಬುದೂ ಆಗಲೇ ಖಾತ್ರಿಯಾಯಿತು. ಅದರ ಕೆಳಗೆ ಬರೆದುಕೊಂಡಿದ್ದ ಸಾಲೂ ನೆನಪಿಗೆ ಬಂತು: ಒಮ್ಮೆ ಹೋದ ಹಸಿರು ಮುಂದಿನ ಪೀಳಿಗೆಗಳಿಗೂ ಮರಳುವುದಿಲ್ಲ.

ಬಾಗಿಲು ಸದ್ದಾಯಿತು. ಸತ್ಯಭಾಮಾ. ರಜ ಮುಗಿದಿರಲಿಲ್ಲ. ಮನಸ್ಸು ತಡೆಯದೆ ಬಂದಿದ್ದಳು. ನೇರ ಭರಣಿಗೆ ಹೋಗಿ ಬೆರಳು ಅದ್ದಿ ಮೂಸಿದಳು.

“ನಾತನೇ ಇಲ್ವಲ್ಲ ಸಾರ್! ಏನಾದ್ರೂ ಹಾಕಿದ್ರಾ?”

“ಇಲ್ಲ,” ಎಂದ.

ಅಷ್ಟರಲ್ಲಿ ಮೂರ್ತಪ್ಪ ಒಳಗೆ ಬಂದರು. ಮುಂದಿನ ವಾರ ಪ್ರಾಕ್ಟಿಕಲ್, ಏಳು ಕಾಲೇಜುಗಳ ಆರ್ಡರ್ ಇತ್ತು. ಟಬ್ಬುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಭರಣಿಯಲ್ಲಿದ್ದ ಅವಳ ಬೆರಳನ್ನು ನೋಡಿದರು.

“ನಿಮ್ಮನೇಲಿ ಹೆರಿಗೆ ಆಗಿ ಎಷ್ಟು ದಿನ ಆಯ್ತು?”

“ಏಳು ದಿನ ಸಾರ್.”

“ಪುರುಡು ಕಳೆದಿಲ್ಲ. ಬಾಣಂತಿ ಬಟ್ಟೆ ಒಗೆದು ಬಂದು ಇದಕ್ಕೆ ಕೈ ಅದ್ದಿದೀಯಲ್ಲ ಮಾರಾಯ್ತಿ! ಇವತ್ತೇ ಮೊದಲೋ?”

ಅವಳ ಮುಖ ಇಳಿಯಿತು. “ಹೆರಿಗೆಯಾದ ಮಾರನೇ ದಿನ, ಭಾನುವಾರ, ಒಂದ್ಸಲ ಬಂದು ಕಲಕಿ ಹೋಗಿದ್ದೆ. ಇನ್ನೊಂದು ಬೀಗದ ಕೈ ನನ್ನ ಹತ್ರನೇ ಇತ್ತಲ್ಲ.”

“ನೋಡು ಮತ್ತೆ. ಪುರುಡಿನ ಕೈ ಬಿದ್ರೆ ಉಪ್ಪಿನಕಾಯೇ ಕೆಡುತ್ತೆ. ಇದು ಉಳಿಯುತ್ತಾ?”

ಅವಳು ವಿಜಯಕುಮಾರನ ಕಡೆ ತಿರುಗಿದಳು. “ಸಾರ್, ನೀವು ಓದಿದೋರು. ಪುರುಡಿಗೂ ಇದಕ್ಕೂ ಸಂಬಂಧ ಇದ್ಯಾ? ಇಲ್ಲ ಅಂದ್ರೆ ಇಲ್ಲ ಅಂತ ಒಂದು ಮಾತು ಹೇಳಿ. ನನ್ನ ಕೆಲ್ಸ ಹೋಗುತ್ತೆ.”

ಅವನ ಮನೆ ಲಿಂಗ ಕಟ್ಟಿದವರ ಮನೆ. ಅಲ್ಲಿ ಪುರುಡು, ಸೂತಕ ಯಾವುದನ್ನೂ ಹಿಡಿಯುವುದಿಲ್ಲ. ತಂಗಿ ಹುಟ್ಟಿದ ದಿನ ಅಜ್ಜಿ ಎಂದಿನಂತೆ ಪೂಜೆಗೆ ಕೂತದ್ದನ್ನು ನೋಡಿದ್ದ. ಓದು, ಮನೆ, ಎರಡೂ ಕಡೆಯಿಂದ ಉತ್ತರ ಗೊತ್ತಿತ್ತು. ನಾಲಿಗೆಯ ಮೇಲೆ ಆ ಲೋಳೆ ಕೂತಂತಾಯಿತು.

“ನೋಡ್ಬೇಕು,” ಎಂದ. “ಈಗಲೇ ಏನೂ ಹೇಳಕ್ಕಾಗಲ್ಲ.”

“ಅವರು ಸಂಕೋಚಕ್ಕೆ ಹೇಳ್ತಿಲ್ಲ ಬಿಡು,” ಎಂದರು ಮೂರ್ತಪ್ಪ.

ಸತ್ಯಭಾಮಾ ವಾದಿಸಲಿಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಹನ್ನೆರಡು ಟಬ್ಬುಗಳನ್ನೂ ತಾನೇ ಒಂದೊಂದಾಗಿ ಚರಂಡಿಗೆ ಚೆಲ್ಲಿ, ಉಜ್ಜಿ, ಬೋರಲು ಹಾಕಿ, ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದಳು.

ಮರುದಿನ ಆಲ್ಕೊಳದ ಹೊಂಡಕ್ಕೆ ಬಕೆಟ್ ಹಿಡಿದು ಇಳಿದವನು ವಿಜಯಕುಮಾರ್. ಮೊಣಕಾಲುದ್ದ ಕೆಸರು, ಎಮ್ಮೆ ಗಂಜಲ, ಕೈಯಿಂದ ಸರಿಸಿದಷ್ಟೂ ಮುಚ್ಚಿಕೊಳ್ಳುವ ಹಸಿರು ಕೆನೆ. ಮೂರು ಸಲ ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯಲ್ಲಿ ನಾತ ಉಳಿಯಿತು. ಈ ಸಲ ಅವನು ಸಹಿಸಿಕೊಂಡ. ಅದಕ್ಕಿಂತ ಹೊಲಸಾದದ್ದನ್ನು ಹಿಂದಿನ ದಿನವೇ ನುಂಗಿ ಅರಗಿಸಿಕೊಂಡಿದ್ದ. ಅರಗಿಸಿಕೊಂಡಿದ್ದೇನೆ ಎಂಬುದೂ ಸುಳ್ಳೇ ಎನಿಸುತ್ತಿತ್ತು.

ಒಂದೂವರೆ ವರ್ಷವಾದ ಮೇಲೆ ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಸೊಂಟದ ಮೇಲೆ ಒಂದು ಹೆಣ್ಣುಮಗು, ಬಾಯಲ್ಲಿ ಬಿಸ್ಕತ್ತಿನ ಎಂಜಲು.

“ಇವಳೇ ಸಾರ್, ನನ್ನ ಕೆಲ್ಸ ನುಂಗಿದ ಮಹಾತಾಯಿ!” ಎಂದು ನಕ್ಕಳು. “ಹುಟ್ಟಿದ್ದೇ ತಡ, ಮಾಚೇನಹಳ್ಳೀಲಿ ಹನ್ನೆರಡು ಟಬ್ಬು ಬಿಳುಚಿಸಿದ್ಲು. ನಮ್ಮಮ್ಮ ಇವತ್ತಿಗೂ ಆಚೆ ಹೊರಟ್ರೆ, ಇದನ್ನ ಮೊದ್ಲು ಒಳಗೆ ಕರ್ಕೊಂಡು ಹೋಗಿ ಅಂತಾಳೆ. ಎದುರಿಗೆ ಬರಬಾರ್ದಂತೆ.”

ಮಗು ಅವನ ಕಡೆ ಕೈ ಚಾಚಿತು.

“ಹಾಗೆಲ್ಲ ಏನಿಲ್ಲ ಅಲ್ವಾ ಸಾರ್?” ಎಂದಳು ಸತ್ಯಭಾಮಾ. ನಗು ನಿಂತಿತ್ತು.

“ಚೆನ್ನಾಗಿದಾಳೆ ಮಗು,” ಎಂದ ವಿಜಯಕುಮಾರ್. ಶಿವಮೊಗ್ಗದ ಬಸ್ಸು ಬಂತು, ಹತ್ತಿಕೊಂಡ.

ಟಬ್ಬುಗಳಿಗೆ ಪುಡಿ ಹಾಕಿದ್ದು ತಾನು ಎಂದು ಅವನು ಅವಳಿಗೆ ಹೇಳಲೇ ಇಲ್ಲ.