ಬ್ರೇಕ್ ಅಕ್ಕನ ಬಾಯಿ

ಬ್ರೇಕ್ ಅಕ್ಕನ ಬಾಯಿ ಎರಡನೆಯ ಸಲ ಬಿದ್ದುಹೋಗಿದ್ದು ಶುಕ್ರವಾರ ಬೆಳಿಗ್ಗೆ, ಅದೂ ಸ್ವಂತ ತಮ್ಮನ ಉಪಕಾರದಿಂದ.

ಅಕ್ಕ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಸ್ಕೂಲು ತಮ್ಮನದು. ಬೋರ್ಡಿನ ಮೇಲೆ ಅವನ ಹೆಸರು, ಕಾರಿನೊಳಗೆ ಅವಳ ಗಂಟಲು. "ಬ್ರೇಕ್! ಬ್ರೇಕ್ ಹಾಕೋ! ಗೋಡೆ ನಿನಗೆ ದಾರಿ ಬಿಡಲ್ಲ!" ಎಂದು ಅವಳು ಕೂಗಿದರೆ ಎದುರು ಬರುವ ಸೈಕಲ್ಲಿನವನೂ ಬ್ರೇಕ್ ಹಿಡಿಯುತ್ತಿದ್ದ. ಆ ಹೆಸರು ಅಂಟಿಕೊಂಡಿದ್ದು ಹಾಗೆ. ತಮ್ಮನೂ ಕಾರು ಕಲಿತದ್ದು ಇದೇ ಅಕ್ಕನ ಕೈಯಲ್ಲಿ, ಬೈಸಿಕೊಂಡು ಬೈಸಿಕೊಂಡೇ.

ಆಮೇಲೆ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಮುಂಚೆ ಮಗಳು ಒಂದು ಟ್ಯಾಬ್ಲೆಟ್ ತಂದು, "ಅಮ್ಮಾ, ಬೇಕಾದ ಮಾತೆಲ್ಲ ಇದರಲ್ಲಿ ಹೇಳಿಡು. ಒತ್ತಿದಾಗ ನಿನ್ನ ದನೀಲೇ ಮಾತಾಡುತ್ತೆ" ಎಂದಳು. ನೀರು ಬೇಕು, ನೋವಾಗುತ್ತಿದೆ, ಥ್ಯಾಂಕ್ಸ್, ಇಂಥವನ್ನು ಹೇಳಿಡಿ ಎಂದು ನರ್ಸಮ್ಮ ಸಲಹೆ ಕೊಟ್ಟಿದ್ದರು. ಅಕ್ಕ ಕಾರಿನಲ್ಲಿ ಹೋಗಿ ಕೂತು, ಇಂಜಿನ್ ಚಾಲು ಮಾಡಿ, ಬೈಗುಳದಿಂದಲೇ ಶುರುಮಾಡಿದಳು. "ಕ್ಲಚ್ ನಿಧಾನ ಬಿಡು, ಅದೇನು ಹಾವಲ್ಲ." "ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂತ ಇಂಜಿನ್ನಿಗೆ ಬೈಬೇಡ, ಮೊದಲು ವೈರು ನೋಡು." "ಇನ್ನು ಕಾಲು ತೆಗಿ, ಗಾಡಿ ನಿಂತಿದೆ." ಎಲ್ಲ ಮುಗಿದ ಮೇಲೆ, ಹಿಂದಿನ ಸೀಟಿನಲ್ಲಿ ಮಗಳು ಮೂಗು ಒರೆಸಿಕೊಳ್ಳುತ್ತಿರುವುದು ಕನ್ನಡಿಯಲ್ಲಿ ಕಂಡು, "ಪುಟ್ಟೀ, ಊಟ ಆಯ್ತಾ?" ಎಂಬುದನ್ನೂ ಸೇರಿಸಿದಳು.

ಗಾಯ ಒಣಗಿದ ಮೇಲೆ ಟ್ಯಾಬ್ಲೆಟ್ಟನ್ನು ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿ ಮತ್ತೆ ಪಾಠಕ್ಕೆ ಕೂತಳು. ಮಾತಿಗೊಂದು ಚೌಕ, ಚೌಕಕ್ಕೊಂದು ಬಣ್ಣ. ಕೆಂಪು ಚೌಕ ಬ್ರೇಕಿನದು. ಅದು ಎಷ್ಟು ಒತ್ತಿಸಿಕೊಂಡಿತ್ತೆಂದರೆ ಗಾಜಿನ ಆ ಮೂಲೆ ಮಸುಕಾಗಿತ್ತು. ವರ್ಷಗಳು ಉರುಳಿ ಟ್ಯಾಬ್ಲೆಟ್ಟಿಗೂ ವಯಸ್ಸಾಯಿತು. ದಿನಾ ಬೆಳಿಗ್ಗೆ "ಅಪ್‌ಡೇಟ್ ಮಾಡಲೇ?" ಎಂದು ಅದು ಕೇಳುವುದು, ಸರಿಯಾಗಿರುವುದನ್ನು ಕೆದಕಬಾರದೆಂದು ಅಕ್ಕ ಬೇಡವೆನ್ನುವುದು, ಇದೊಂದು ವಾಡಿಕೆಯಾಗಿಬಿಟ್ಟಿತ್ತು.

ಆ ಶುಕ್ರವಾರ ತಮ್ಮ ಕಾರು ಒರೆಸುತ್ತಿದ್ದಾಗ ಆ ಪ್ರಶ್ನೆ ಅವನ ಕಣ್ಣಿಗೆ ಬಿತ್ತು. ಪಾಪ, ಇಷ್ಟು ದಿನದಿಂದ ಕೇಳುತ್ತಿದೆಯಲ್ಲ ಎಂದು ಹೂಂ ಒತ್ತಿ ಕಾಫಿಗೆ ಹೋದ. ಅಪ್‌ಡೇಟ್ ಅರ್ಧ ದಾರಿಯಲ್ಲಿದ್ದಾಗ ಚಾರ್ಜು ಮುಗಿಯಿತು. ಮತ್ತೆ ಚಾರ್ಜಿಗೆ ಹಾಕಿದರೆ ಕಂಪನಿಯ ಗುರುತು ಮೂಡುವುದು, ಆರುವುದು, ಮತ್ತೆ ಮೂಡುವುದು. ಅದರಾಚೆ ಒಂದು ಹೆಜ್ಜೆ ಇಲ್ಲ.

ಮಗಳ ಜೊತೆ ಅಕ್ಕ ರಿಪೇರಿ ಅಂಗಡಿಗೆ ಹೋದಳು. ಅಂಗಡಿಯವನು ನೋಡಿ, "ಇಷ್ಟೇನಾ? ರಿಸ್ಟೋರ್ ಮಾಡಿಬಿಡ್ತೀನಿ ಬಿಡಿ" ಎಂದ. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಆ ಪದ ಅವಳಿಗೆ ಹೊಸದಲ್ಲ. ಶಿಷ್ಯನೊಬ್ಬನ ಲೈಸೆನ್ಸ್ ರದ್ದಾಗಿ, ಆಮೇಲೆ ರಿಸ್ಟೋರ್ ಆದಾಗ ಅವನ ಹಳೇ ಕಾರ್ಡೇ ಅವನ ಕೈಗೆ ವಾಪಸ್ ಬಂದಿತ್ತು. ಅವಳು ಜೋರಾಗಿ ತಲೆಯಾಡಿಸಿದಳು. ಅಂಗಡಿಯವನು ವೈರು ಸಿಕ್ಕಿಸುತ್ತಾ, "ಹೊಸಾ ಟ್ಯಾಬ್ಲೆಟ್ ಥರ ಆಗಿಬಿಡುತ್ತೆ ನೋಡಿ" ಎಂದ.

ಹೊಸದರ ಥರ? ಅಕ್ಕ ಚೀಲದಿಂದ ತನ್ನ ಸಣ್ಣ ಬಿಳಿ ಹಲಗೆ ತೆಗೆದು ಬರೆದಳು: ನನ್ನ ಮಾತು?

"ಅದೆಲ್ಲಾ ಹೋಗುತ್ತಮ್ಮ. ರಿಸ್ಟೋರ್ ಅಂದ್ರೆ ಪೂರ್ತಿ ಒರೆಸಿ ಮೊದಲಿಂದ ಹಾಕೋದು. ಬೇರೆ ಕಡೆ ಕಾಪಿ ಇದೆ ತಾನೆ?"

ಕಾಪಿ ಇರಲಿಲ್ಲ. ಬಾಯಿಗೆ ಕಾಪಿ ಇಡಬೇಕೆಂದು ಯಾರಿಗೆ ತಾನೆ ಹೊಳೆಯುತ್ತದೆ? ಒರೆಸಿ ಹಾಕುವುದಕ್ಕೆ ಇಂಥ ಸಭ್ಯ ಹೆಸರಿಟ್ಟವನು ಕೈಗೆ ಸಿಕ್ಕಿದ್ದರೆ ಅಕ್ಕ ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಅವಳು ವೈರು ಕಿತ್ತು, ಟ್ಯಾಬ್ಲೆಟ್ಟನ್ನು ಎದೆಗವಚಿಕೊಂಡು ಅಂಗಡಿಯಿಂದ ಇಳಿದಳು.

ಶನಿವಾರ ತಮ್ಮ ಹೊಸ ಟ್ಯಾಬ್ಲೆಟ್ಟಿನೊಂದಿಗೆ ಬಂದ. ತಪ್ಪಿನ ಭಾರ ಇಳಿಸಿಕೊಳ್ಳುವ ಅವಸರ ಅವನಿಗೆ. "ಇದರಲ್ಲಿ ಬರೆದಿದ್ದನ್ನ ಅದೇ ಓದುತ್ತೆ ಅಕ್ಕ, ಕೇಳು" ಎಂದು ಏನೋ ಒತ್ತಿದ. ಜೇನಿನಲ್ಲಿ ಅದ್ದಿ ತೆಗೆದಂಥ ದನಿಯೊಂದು, "ದಯವಿಟ್ಟು ವಾಹನವನ್ನು ನಿಲ್ಲಿಸಿರಿ" ಎಂದಿತು.

ಅಕ್ಕ ಹಲಗೆಯ ಮೇಲೆ ಬರೆದಳು: ಇವಳು ದಯವಿಟ್ಟು ಅನ್ನೋಷ್ಟರಲ್ಲಿ ಕಾರು ಗೋಡೆ ಒಳಗಿರುತ್ತೆ.

"ತಮಾಷೆ ಸಾಕು" ಎಂದ ತಮ್ಮ. "ಇದು ಬೇಡ ಅಂದ್ರೆ ಮನೇಲಿರು. ಸಾಕಷ್ಟು ದುಡಿದಿದ್ದೀಯ. ಸೋಮವಾರದಿಂದ ಬೇರೆಯವರನ್ನ ಬರಹೇಳಿದ್ದೀನಿ, ಅವರು ಕಲಿಸ್ತಾರೆ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಒಳ್ಳೇದಕ್ಕೆ! ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಬಾಯಿ ಕಿತ್ತುಕೊಂಡವನೇ ಈಗ ಸೀಟನ್ನೂ ಕಿತ್ತುಕೊಳ್ಳುತ್ತಾನಂತೆ, ಅದಕ್ಕೆ ಕರುಣೆಯ ಹೊದಿಕೆ ಬೇರೆ. ಗಂಟಲು ಇದ್ದಿದ್ದರೆ ಇವನ ನೀರಿಳಿಸಿಬಿಡಬಹುದಿತ್ತು. ಹಲಗೆಯಲ್ಲಿ ಬೈಯಲು ಜಾಗ ಸಾಲದು. "ಸೋಮವಾರ ನಾನೇ" ಎಂದಷ್ಟು ಬರೆದು, ಹೊಸ ಟ್ಯಾಬ್ಲೆಟ್ಟನ್ನು ಅವನ ಕೈಗೇ ತುರುಕಿ ಬಾಗಿಲು ತೋರಿಸಿದಳು.

ಭಾನುವಾರ ಸ್ಕೂಲಿಗೆ ರಜೆ. ಅಮ್ಮ, ಮಗಳು ಆಫೀಸಿನ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತರು. ಮಗಳು ಶನಿವಾರವಿಡೀ ಓದಿ ತಿಳಿದುಕೊಂಡಿದ್ದಳು. "ಅಮ್ಮಾ, ಎರಡು ದಾರಿ ಇದೆ. ರಿಸ್ಟೋರ್ ಒತ್ತಿದ್ರೆ ಎಲ್ಲಾ ಒರೆಸುತ್ತೆ. ಅಪ್‌ಡೇಟ್ ಒತ್ತಿದ್ರೆ ಒಳಗಿನ ಸಾಮಾನು ಮುಟ್ಟದೆ ಸಿಸ್ಟಮ್ ಮಾತ್ರ ಮತ್ತೆ ಹಾಕುತ್ತೆ. ನಮಗೆ ಬೇಕಾಗಿರೋದು ಅಪ್‌ಡೇಟ್." ಇಷ್ಟು ವರ್ಷ ತಾನು ಬೇಡವೆಂದು ಓಡಿಸುತ್ತಿದ್ದ ಪದವೇ ಈಗ ಕಾಪಾಡಬೇಕು! ಅಕ್ಕ ಹಣೆ ಚಚ್ಚಿಕೊಂಡಳು.

ಟ್ಯಾಬ್ಲೆಟ್ಟನ್ನು ವೈರಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ, ಅದರ ಎರಡು ಗುಂಡಿಗಳನ್ನು ಒಟ್ಟಿಗೆ ಅದುಮಿ ಹಿಡಿದರು. ಕಂಪನಿಯ ಗುರುತು ಹೋಗಿ ವೈರಿನ ಚಿತ್ರ ಬಂತು, ಕಂಪ್ಯೂಟರಿನಲ್ಲಿ ಎರಡು ಪದಗಳು ಅಕ್ಕಪಕ್ಕ ನಿಂತವು. ಮಗಳು ಅಪ್‌ಡೇಟ್ ಒತ್ತಿದಳು. ಸಿಸ್ಟಮ್ ಇಳಿದು ಬರಲು ಎಷ್ಟು ಹೊತ್ತಾಯಿತೆಂದರೆ ಟ್ಯಾಬ್ಲೆಟ್ ಕಾದು ಬೇಸತ್ತು ಮತ್ತೆ ಹಳೇ ಗುರುತಿಗೇ ಹೋಗಿ ಕೂತಿತು. ಪುನಃ ಗುಂಡಿ ಅದುಮಿದರು. ಈ ಸಲ ಪಟ್ಟಿ ಅರ್ಧದವರೆಗೆ ತುಂಬಿ ನಿಂತುಹೋಯಿತು. ಮತ್ತೊಮ್ಮೆ ಮಾಡಿದಾಗಲೂ ಅಲ್ಲೇ ನಿಂತಿತು. ಕಂಪ್ಯೂಟರು ಈಗ ಒಂದೇ ಪದ ತೋರಿಸಿತು: ರಿಸ್ಟೋರ್.

ಮಗಳು ಕಂಪ್ಯೂಟರಿನಿಂದ ಕೈ ಹಿಂದೆಗೆದಳು. "ನನಗೂ ಆ ದನಿ ಬೇಕಮ್ಮಾ. ನೀನು ಮಲಗಿದಾಗ ಎಷ್ಟೋ ಸಲ ಆ ಪುಟ್ಟೀ ಅನ್ನೋದನ್ನ ಒತ್ತಿ ಕೇಳಿದ್ದೀನಿ. ಆದ್ರೆ ಇನ್ನು ಏನು ಮಾಡೋದೋ ತೋಚ್ತಿಲ್ಲ."

ಒಂದು ಗಳಿಗೆ ಅಕ್ಕನಿಗೂ ಭಯವಾಯಿತು. ಆದರೆ ಅರ್ಧದಲ್ಲಿ ಗಾಡಿ ನಿಂತರೆ ಅಳುವವರನ್ನು ಅವಳು ದಿನಾ ಕಂಡವಳು. ಅವರಿಗೆ ಏನು ಹೇಳುತ್ತಿದ್ದೆ? ಇಂಜಿನ್ನಿಗೆ ಬೈಬೇಡ, ಮೊದಲು ವೈರು ನೋಡು. ಅವಳು ಹಲಗೆ ಎಳೆದುಕೊಂಡು ದೊಡ್ಡದಾಗಿ ಬರೆದಳು: ವೈರು.

ಬಗ್ಗಿಸಿ ನೋಡಿದರೆ ವೈರು ಪಿನ್ನಿನ ಬುಡದಲ್ಲಿ ಸಡಿಲ. ಅಲುಗಿದರೆ ಕಂಪ್ಯೂಟರಿಗೂ ಟ್ಯಾಬ್ಲೆಟ್ಟಿಗೂ ಸಂಬಂಧವೇ ಕಡಿದುಹೋಗುತ್ತಿತ್ತು. ಟ್ಯಾಬ್ಲೆಟ್ಟಿನ ಪೆಟ್ಟಿಗೆಯಲ್ಲೇ ಬಂದಿದ್ದ ಒಳ್ಳೆಯ ವೈರು ಎಲ್ಲಿ? ಚೆನ್ನಾಗಿರುವುದನ್ನೆಲ್ಲ ಬಳಸದೆ ಬಚ್ಚಿಡುವ ಚಟ ತಮ್ಮನದು. ಅಕ್ಕ ಅವನ ಮೇಜಿನ ಡ್ರಾಯರ್ ಎಳೆದಳು. ಅಲ್ಲಿತ್ತು, ಕಟ್ಟು ಕೂಡ ಬಿಚ್ಚದೆ.

ಅದನ್ನು ಸಿಕ್ಕಿಸಿ ಮತ್ತೆ ಗುಂಡಿ ಅದುಮಿದಾಗ ಎರಡೂ ಪದಗಳು ಮರಳಿ ಬಂದವು, ಮತ್ತೆ ಅಪ್‌ಡೇಟ್ ಒತ್ತಿದರು. ಪಟ್ಟಿ ಅರ್ಧ ದಾಟಿತು. ಇಬ್ಬರೂ ಮೇಜಿಗೆ ಮೊಣಕೈ ಕೂಡ ತಾಗಿಸದೆ ಕೂತರು. ಪಟ್ಟಿ ತುಂಬಿತು, ಪರದೆ ಕಪ್ಪಾಯಿತು, ಕಂಪನಿಯ ಗುರುತು ಮೂಡಿತು. ಈ ಸಲ ಅದು ಆರಲಿಲ್ಲ. ಅದರ ಹಿಂದೆಯೇ ಬಣ್ಣದ ಚೌಕಗಳು ಒಂದೂ ಬಿಡದೆ ಬಂದವು. ಅಕ್ಕ ಕೊನೆಯ ಚೌಕ ಒತ್ತಿದಳು.

"ಪುಟ್ಟೀ, ಊಟ ಆಯ್ತಾ?"

ಮಗಳು ಗೊಳೋ ಎಂದು ಅತ್ತುಬಿಟ್ಟಳು. ಅತ್ತುಕೊಂಡೇ ಮೊದಲು ಅಷ್ಟೂ ಮಾತುಗಳನ್ನು ಕಂಪ್ಯೂಟರಿಗೆ ಕಾಪಿ ಮಾಡಿದಳು.

ಅಷ್ಟರಲ್ಲಿ ಫೋನಿನಲ್ಲಿ ಮಾತಾಡುತ್ತಾ ತಮ್ಮ ಒಳಗೆ ಬಂದ. ಫೋನಿಟ್ಟು, ಅವರ ಮುಖ ಕೂಡ ನೋಡದೆ, "ಅಕ್ಕ, ಹಟ ಬಿಡು. ನಾಳೆ ಬರೋರ ಹತ್ರ ಎಲ್ಲಾ ಮಾತಾಡಿದ್ದೀನಿ. ನಿನಗೆ ವಯಸ್ಸಾಯ್ತು, ಇನ್ನು ನಿನ್ನ ಕೈಲಿ—"

ಅಕ್ಕ ಕೆಂಪು ಚೌಕ ಒತ್ತಿದಳು.

"ಬ್ರೇಕ್! ಬ್ರೇಕ್ ಹಾಕೋ! ಗೋಡೆ ನಿನಗೆ ದಾರಿ ಬಿಡಲ್ಲ!"

ತಮ್ಮನ ಬಲಗಾಲು ತಾನಾಗಿ ಎದ್ದು ನೆಲವನ್ನು ಧಡ್ ಎಂದು ಒದೆಯಿತು. ಅವನು ತನ್ನ ಕಾಲನ್ನು ನೋಡಿಕೊಂಡ, ಅಕ್ಕನನ್ನು ನೋಡಿದ, ಮತ್ತೆ ಕಾಲನ್ನು ನೋಡಿಕೊಂಡ. ಕಾಲು ಇನ್ನೂ ನೆಲವನ್ನು ಅದುಮಿಯೇ ಹಿಡಿದಿತ್ತು.

"ಇನ್ನು ಕಾಲು ತೆಗಿ, ಗಾಡಿ ನಿಂತಿದೆ" ಎಂದಿತು ಅಕ್ಕನ ದನಿ.

ಅವನು ಕಾಲು ತೆಗೆದ. ಆಮೇಲೆ ಜೇಬಿನಿಂದ ಕಾರಿನ ಕೀಲಿ ತೆಗೆದು ಅಕ್ಕನ ಮುಂದಿಟ್ಟು, ನಾಳೆ ಬರುವುದು ಬೇಡವೆಂದು ಹೇಳಲು ಫೋನು ಹಿಡಿದು ಹೊರಗೆ ಹೋದ.