ಹದಿನಾಲ್ಕು ಕಂಬಗಳ ವರದಿ

ಕಾಲೇಜಿನ ಹಿಂದೆ, ಜನರೇಟರ್ ಕೋಣೆ ದಾಟಿದರೆ, ನೌಕರರ ವಠಾರ. ಕೆಳಗೆ ಎಂಟು, ಮೇಲೆ ಎಂಟು, ಒಟ್ಟು ಹದಿನಾರು ಮನೆ. ಅವನ್ನೆಲ್ಲ ಹೊತ್ತು ನಿಂತ ಹದಿನಾಲ್ಕು ಕಂಬ. ಗುಡಿಸುವವರು, ಗೇಟು ಕಾಯುವವರು, ಬಸ್ಸು ಓಡಿಸುವವರು, ಕಾಂಕ್ರೀಟ್ ಲ್ಯಾಬಿನ ಅಟೆಂಡರ್, ಹೀಗೆ ಕಾಲೇಜು ದಿನಾ ಬೆಳಿಗ್ಗೆ ಬಾಗಿಲು ತೆರೆಯಲು ಬೇಕಾದವರೆಲ್ಲ ಅಲ್ಲಿದ್ದರು. ಕಾಲೇಜಿಗೆ ಅವರು ಬೇಕಿತ್ತು, ವಠಾರ ಬೇಕಿರಲಿಲ್ಲ. ಆ ಜಾಗದಲ್ಲಿ ಕಾರು ನಿಲ್ಲಿಸುವ ಕಟ್ಟಡಕ್ಕೆ ಆಡಳಿತ ಮಂಡಳಿ ನಕ್ಷೆ ಮಾಡಿಸಿ ಮೂರು ವರ್ಷವಾಗಿತ್ತು. ಇರುವವರನ್ನು ಎಬ್ಬಿಸಲು ಒಂದು ಕಾಗದ ಸಾಕಿತ್ತು.

ಆ ಕಾಗದ ಬರೆದುಕೊಟ್ಟವಳು ಅದೇ ವಠಾರದ ಹುಡುಗಿ.

ಅಟೆಂಡರನ ಮಗಳು. ಸಿವಿಲ್ ಇಂಜಿನಿಯರಿಂಗ್ ಕೊನೆಯ ವರ್ಷ. ಹುಟ್ಟಿದ್ದು, ಓದಿದ್ದು ಐದನೇ ಮನೆಯಲ್ಲಿ. ವಠಾರಕ್ಕೆಲ್ಲ ಅವಳು ‘ಇಂಜಿನಿಯರಮ್ಮ’. ಹಳೆಯ ಕಟ್ಟಡವೊಂದರ ಗಟ್ಟಿತನ ಅಳೆದು ವರದಿ ಬರೆಯುವುದು ಅವಳ ತಂಡದ ಪ್ರಾಜೆಕ್ಟು. ಸುತ್ತೆಲ್ಲ ಕೇಳಿದರೂ ಯಾರೂ ವಿದ್ಯಾರ್ಥಿಗಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನಮ್ಮ ವಠಾರವನ್ನೇ ಮಾಡೋಣ ಎಂದವಳು ಅವಳೇ. ಗೈಡ್ ಆಗಿದ್ದ ವಿಭಾಗದ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಅವಳನ್ನು ಮತ್ತೊಮ್ಮೆ ನೋಡಿದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಕುರ್ಚಿ ತೋರಿಸಿದರು.

ವಠಾರ ಹಿರಿಹಿರಿ ಹಿಗ್ಗಿತು. ತಾರಸಿ ಸೋರುತ್ತಿದೆಯೆಂದು ಕೊಟ್ಟ ಅರ್ಜಿಗಳನ್ನು ಇಷ್ಟು ವರ್ಷ ಯಾರೂ ಮೂಸಿಯೂ ನೋಡಿರಲಿಲ್ಲ. ಈಗ ನಮ್ಮ ಹುಡುಗಿಯೇ ಬರೆಯುತ್ತಾಳೆ, ರಿಪೇರಿಯಾಗುತ್ತದೆ ಎಂದು ಪಕ್ಕದ ಮನೆಯ ಚಿಕ್ಕಮ್ಮ ಕ್ಲಾಸು ಗುಡಿಸುತ್ತ ಗುಡಿಸುತ್ತ ಎಲ್ಲರಿಗೂ ಸಾರಿದಳು. ಕಂಬಗಳ ಪರೀಕ್ಷೆಗೆ ಮುಂಚಿನ ಭಾನುವಾರ ಗಂಡಸರೆಲ್ಲ ಸೇರಿದರು. ಕಾಲೇಜಿನ ಮಕ್ಕಳು ಬಂದಾಗ ಕಂಬಗಳು ಹರಕುಮುರುಕಾಗಿ ಕಂಡರೆ ಹುಡುಗಿಗೆ ಅವಮಾನ ಎಂದು, ಸಿಕ್ಕಷ್ಟು ಸಿಮೆಂಟಿಗೆ ಸಿಕ್ಕಾಪಟ್ಟೆ ಮರಳು ಬೆರೆಸಿ, ಹದಿನಾಲ್ಕು ಕಂಬಕ್ಕೂ ಗಾರೆ ಬಳಿದು ಸುಣ್ಣ ಹೊಡೆದರು. ಅವಳ ಅಪ್ಪ ಇದ್ದಿದ್ದರೆ ಬೈದು ನಿಲ್ಲಿಸುತ್ತಿದ್ದ. ಅವನು ಅವತ್ತು ಲ್ಯಾಬಿಗೆ ಬಂದ ಹೊಸ ಯಂತ್ರ ಇಳಿಸಲು ಹೋಗಿದ್ದ.

ಪರೀಕ್ಷೆಯ ಸಾಧನ ಗೇಣುದ್ದದ ಕೊಳವೆ. ಕಂಬಕ್ಕೆ ಒತ್ತಿದರೆ ಒಳಗಿನ ಸ್ಪ್ರಿಂಗ್ ಸುತ್ತಿಗೆ ಬಡಿದು ಹಿಂದಕ್ಕೆ ಪುಟಿಯುತ್ತದೆ. ಎಷ್ಟು ಪುಟಿಯಿತೋ ಕಾಂಕ್ರೀಟು ಅಷ್ಟು ಗಟ್ಟಿ. ಗಾರೆಯ ಮೇಲೆ ಒತ್ತಿದರೆ ಅದು ಗಾರೆಯ ಸುದ್ದಿ ಹೇಳುತ್ತದೆ, ಕಂಬದ್ದಲ್ಲ. ಆದ್ದರಿಂದ ಮೊದಲು ಗಾರೆ ಕೆತ್ತಬೇಕು. ಇದನ್ನು ಅವಳು ಪುಸ್ತಕದಲ್ಲಿ ಓದುವ ಮೊದಲೇ ಅಪ್ಪನಿಂದ ಕಲಿತಿದ್ದಳು.

ಅದಕ್ಕೇ ಉಳಿ ತಂದಿದ್ದಳು. ಕಾಲೇಜಿನ ಆಸ್ತಿ, ಕೆತ್ತಲು ಅನುಮತಿಯಿಲ್ಲ, ಹಾಗೇ ಒತ್ತಿ ಎಂದರು ಮುಖ್ಯಸ್ಥರು. ಒತ್ತಿದರು. ಹದಿಮೂರು, ಹನ್ನೊಂದು, ಹದಿನಾಲ್ಕು. ಮೂವತ್ತರ ಮೇಲೆ ಬರಬೇಕಾದ ಅಂಕಿ. ತಂಡದ ಮೂವರು ಹುಡುಗರು ಬರೆದುಕೊಂಡು ಕ್ಯಾಂಟೀನಿಗೆ ಹೊರಟರು. ಎಲ್ಲರಿಗೂ ನೀರು ತಂದುಕೊಟ್ಟ ಚಿಕ್ಕಮ್ಮ, “ಏನೇ, ನಮ್ ಕಂಬ ಪಾಸಾ ಫೇಲಾ?” ಎಂದು ನಕ್ಕಳು.

ವರದಿಯ ಕೊನೆಯಲ್ಲಿ ಅವಳು ಒಂದು ಸಾಲು ಸೇರಿಸಿದಳು: ಈ ಅಂಕಿಗಳನ್ನು ಗಾರೆಯ ಮೇಲೆ ತೆಗೆದದ್ದು, ಇವುಗಳಿಂದ ಕಾಂಕ್ರೀಟಿನ ಬಲ ಹೇಳಲು ಬರುವುದಿಲ್ಲ. ಮುಖ್ಯಸ್ಥರು ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದರು. ಅದರ ಜಾಗದಲ್ಲಿ ತಮ್ಮ ಕೈಯಾರೆ ಬರೆದರು: ಕಟ್ಟಡ ವಾಸಕ್ಕೆ ಯೋಗ್ಯವಲ್ಲ, ತಕ್ಷಣ ತೆರವು ಮಾಡಬೇಕು.

“ಸರ್, ಅಲ್ಲಿ ಹದಿನಾರು ಮನೆ ಇದೆ.”

“ನಿನ್ನ ಸಾಲು ಇದ್ರೆ ಇದು ಪ್ರಾಜೆಕ್ಟೇ ಅಲ್ಲಮ್ಮ. ಪರೀಕ್ಷೆ ಸರಿಯಾಗಿ ಮಾಡಿಲ್ಲ ಅಂತ ನೀವೇ ಒಪ್ಕೊಂಡ ಹಾಗೆ. ನಾಲ್ಕೂ ಜನಾನ ಫೇಲ್ ಮಾಡ್ಬೇಕಾಗತ್ತೆ.”

“ಗಾರೆ ಕೆತ್ತಿ ಇನ್ನೊಂದ್ಸಲ ಮಾಡ್ತೀವಿ.”

“ವೈವಾ ಗುರುವಾರ.” ಅವರು ದನಿ ಎತ್ತಲಿಲ್ಲ; ಅಂಥವರು ಎತ್ತುವುದಿಲ್ಲ. “ನಮ್ಮಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಕೆಲಸ ಖಾಲಿ ಇದೆ. ನಿಮ್ಮಪ್ಪ ಯಂತ್ರ ಒರೆಸೋ ಲ್ಯಾಬಲ್ಲಿ ನೀನು ಕುರ್ಚಿ ಮೇಲೆ ಕೂತ್ಕೋಬಹುದು. ಯೋಚನೆ ಮಾಡು.”

ಯೋಚನೆ ಮಾಡಿದಳು. ಅದಕ್ಕೆ ಹಿಡಿದದ್ದು ಪೆನ್ನಿನ ಮುಚ್ಚಳ ತೆಗೆಯುವಷ್ಟು ಹೊತ್ತು. ಮುಖ್ಯಸ್ಥರ ಸಾಲಿನ ಕೆಳಗೆ ಸಹಿ ಹಾಕಿದಳು. ತನ್ನನ್ನು ಹೆದರಿಸಿದರು ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅದು ಅರ್ಧ ನಿಜ. ಕುರ್ಚಿ ಅವಳಿಗೆ ಬೇಕಿತ್ತು.

ಕಪ್ಪು ರಟ್ಟು, ಚಿನ್ನದ ಬಣ್ಣದ ಅಕ್ಷರ, ನಾಲ್ಕು ಪ್ರತಿ. ಬೈಂಡಿಂಗ್ ಅಂಗಡಿಯಿಂದ ಆಡಳಿತ ಕಚೇರಿಗೆ ಹೊತ್ತುಕೊಂಡು ಹೋದವನು ಅವಳ ಅಪ್ಪ. ಅವನಿಗೆ ಇಂಗ್ಲಿಷು ಬಾರದು. ಅಂಕಿ ಬರುತ್ತದೆ. ಸಂಜೆ ಮನೆಗೆ ಬಂದು ಒಂದೇ ಮಾತು ಕೇಳಿದ. “ಗಾರೆ ಕೆತ್ತಿದ್ರೇನೇ?”

“ತೊಂಬತ್ತಾರು ಮಾರ್ಕ್ಸು ಬರತ್ತಂತೆ ಅಪ್ಪ” ಎಂದಳು ಅವಳು.



ತಿಂಗಳೊಳಗೆ ನೋಟಿಸು ಬಂತು. ಹೊಸದಾಗಿ ಸುಣ್ಣ ಹೊಡೆದ ಕಂಬಕ್ಕೇ ಅಂಟಿಸಿದರು. ಓದು ಬಾರದ ಚಿಕ್ಕಮ್ಮ ಅವಳ ಕೈ ಹಿಡಿದು ಕಂಬದ ಮುಂದೆ ನಿಲ್ಲಿಸಿದಳು. “ಓದೇ ಇಂಜಿನಿಯರಮ್ಮ. ತಾರಸಿ ಯಾವಾಗ ಮಾಡ್ತಾರಂತೆ?”

ಅವಳು ಓದಿದಳು. ಹದಿನೈದು ದಿನದ ಗಡುವು, ವಿದ್ಯಾರ್ಥಿಗಳ ವರದಿಯ ಆಧಾರ, ಕೆಳಗೆ ನಾಲ್ಕು ಹೆಸರು. ಮೂರು ಹೆಸರು ಓದಿ ನಿಲ್ಲಿಸಿದಳು. “ಇನ್ನೊಂದು ಸಾಲು ಇದೆಯಲ್ಲ” ಎಂದಳು ಚಿಕ್ಕಮ್ಮ. ಓದು ಬಾರದಿದ್ದರೂ ಸಾಲು ಎಣಿಸಲು ಬರುತ್ತಿತ್ತು.

ಹದಿನಾರು ಮನೆ ಹದಿನಾರು ದಿಕ್ಕಾದವು. ಚಿಕ್ಕಮ್ಮ ಅದೇ ಕ್ಲಾಸುಗಳನ್ನು ಗುಡಿಸಲು ಈಗ ಎರಡು ಬಸ್ಸು ಹಿಡಿದು ಬರುತ್ತಾಳೆ, ತಡವಾದರೆ ಮುಖ್ಯಸ್ಥರ ಕೈಲಿ ಬೈಸಿಕೊಳ್ಳುತ್ತಾಳೆ. ಮುಟ್ಟಿದರೆ ಬೀಳುತ್ತದೆ ಎಂದಿದ್ದ ಕಟ್ಟಡವನ್ನು ಕೆಡವಲು ಒಂಬತ್ತು ದಿನ ಬೇಕಾಯಿತು. ಒಡೆಯುವ ಯಂತ್ರದ ಮೊನೆ ಎರಡು ಸಲ ಮುರಿಯಿತು. ಇದು ಬೀಳೋ ಕಟ್ಟಡ ಅಂದ ಪುಣ್ಯಾತ್ಮ ಯಾರು, ಕರ್ಕೊಂಡು ಬನ್ನಿ, ಅವನ ತಲೇಲೇ ಗುದ್ದಿಸ್ತೀನಿ ಎಂದು ಅದರ ಡ್ರೈವರು ಕೂಗಾಡಿದ. ಪುಣ್ಯಾತ್ಮರೆಲ್ಲ ಕಿಟಕಿ ಮುಚ್ಚಿಕೊಂಡು ಪಾಠ ಮಾಡುತ್ತಿದ್ದರು.

ಮುಖ್ಯಸ್ಥರು ಏನನ್ನೂ ವ್ಯರ್ಥ ಮಾಡುವವರಲ್ಲ. ಮುಂದಿನ ವರ್ಷದ ಪ್ರಾಜೆಕ್ಟಿಗೆ ಆ ಅವಶೇಷವೇ ವಿಷಯವಾಯಿತು: ಹಳೆಯ ಕಾಂಕ್ರೀಟು ಪುಡಿ ಮಾಡಿ ಹೊಸದಕ್ಕೆ ಜಲ್ಲಿಯಾಗಿ ಬಳಸುವುದು. ಮೊದಲು ಹಳೆಯದರ ಬಲ ತಿಳಿಯಬೇಕಲ್ಲ. ಮುರಿದ ಕಂಬದಿಂದ ಉರುಳೆಯಾಕಾರದ ತುಂಡು ಕೊರೆದು ಲ್ಯಾಬಿಗೆ ತಂದರು. ಅವಳು ಕುರ್ಚಿಯ ಮೇಲೆ, ಮುಂದೆ ರಿಜಿಸ್ಟರು. ಹೊಸ ಬ್ಯಾಚಿನ ಹುಡುಗರು ಮೊಬೈಲು ನೋಡುತ್ತ ನಿಂತಿದ್ದರು. ಅಪ್ಪ ತುಂಡನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ, ತಾನೇ ಇಳಿಸಿದ್ದ ಯಂತ್ರದ ಹಲಗೆಗಳ ನಡುವೆ ನಿಲ್ಲಿಸಿ, ಗುಂಡಿ ಒತ್ತಿದ.

ಹಲಗೆಗಳು ತುಂಡನ್ನು ಒತ್ತುತ್ತ ಹೋದಂತೆ ಅಂಕಿ ಏರಿತು; ವಠಾರದಂಥ ಕಟ್ಟಡಕ್ಕೆ ಇಪ್ಪತ್ತು ಸಾಕು. ಹತ್ತು. ಹದಿನೆಂಟು. ಇಪ್ಪತ್ತೈದು. ತುಂಡು ಸುಮ್ಮನೆ ನಿಂತಿತ್ತು. ಒಬ್ಬ ಹುಡುಗ ಮೊಬೈಲು ಜೇಬಿಗಿಟ್ಟು ಹತ್ತಿರ ಬಂದ. ಮೂವತ್ತೊಂದಕ್ಕೆ ಪಟ್ಟೆಂದು ಸೀಳಿತು.

ಅಪ್ಪ ಚೂರುಗಳನ್ನು ಗುಡಿಸಿ ಬಕೆಟ್ಟಿಗೆ ಹಾಕಿದ. ಹಲಗೆ ಒರೆಸಿದ. ಆಮೇಲೆ ಮಗಳ ಕಡೆ ತಿರುಗಿದ.

“ಮೂವತ್ತೊಂದು. ಬರ್ಕೊಳ್ಳಿ ಮೇಡಂ” ಎಂದ. “ಈ ಸಲ ಗಾರೆ ಕೆತ್ತಿದೀವಿ.”