ಪೀಪಿ ಮೇಷ್ಟ್ರ ಮಗ

ಬಸ್ ಡಿಪೋದಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಪೀಪಿ ಮೇಷ್ಟ್ರು ಎಂದರೆ ಸಾಕು, ಗೇಟಿನ ಕಾವಲುಗಾರನಿಂದ ಹಿಡಿದು ಟೈರ್ ಬದಲಿಸುವವನವರೆಗೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಪಾಠ ಹೇಳುವ ಮೇಷ್ಟ್ರೇನಲ್ಲ. ಬೆಳಗ್ಗೆ ಬಸ್ಸು ಹೊರಡುವ ಮುಂಚೆ ಒಬ್ಬೊಬ್ಬ ಡ್ರೈವರಿನ ಬಾಯಿಗೂ ಅಂಗೈಯಗಲದ ಮಷಿನ್ ಹಿಡಿದು, "ಊದಪ್ಪಾ, ಕೂಗೋವರೆಗೂ ಬಿಡಬೇಡ" ಎನ್ನುವುದು ಅವರ ಕೆಲಸ. ಉಸಿರು ಸಾಕಾದಾಗ ಮಷಿನ್ 'ಕೀಂ' ಎನ್ನುತ್ತದೆ. ಹಸಿರು ದೀಪ ಹತ್ತಿದರೆ ಬಸ್ಸಿನ ಕೀ ಕೈಗೆ, ಕೆಂಪು ಹತ್ತಿದರೆ ಬಂದ ದಾರಿಗೆ ಸುಂಕವಿಲ್ಲ. ಒಂದೇ ಒಂದು ಗುಟುಕು ಸಾರ್ ಎಂದು ಗೋಗರೆದವರಿದ್ದರು, ಕೆಮ್ಮಿನ ಸಿರಪ್ಪಿನ ಕಥೆ ಕಟ್ಟಿದವರಿದ್ದರು. ಮೇಷ್ಟ್ರು ಯಾರ ಮುಲಾಜಿಗೂ ಬಿದ್ದವರಲ್ಲ. ಸ್ವಂತ ಭಾವಮೈದುನನನ್ನೇ ಒಮ್ಮೆ ಮನೆಗೆ ಅಟ್ಟಿ, ಹೆಂಡತಿಯ ಕೈಯಲ್ಲಿ ಎಷ್ಟೋ ದಿನ ಮಾತಿಲ್ಲದ ಊಟ ಉಂಡವರು.

ಇಂಥವರ ಮಗ ಕುಡಿದು ಬಂದರೆ ಹೇಗಿರಬೇಡ! ಎರಡನೇ ವರ್ಷದ ಕಾಲೇಜು, ಮೀಸೆ ಇನ್ನೂ ಬರಲೋ ಬೇಡವೋ ಎನ್ನುತ್ತಿದ್ದ ವಯಸ್ಸು. ಗೆಳೆಯನ ಹುಟ್ಟುಹಬ್ಬಕ್ಕೆ ಹೋದವನು ಗೋಡೆ ಹಿಡಿದುಕೊಂಡು ಬಂದು, ಅಪ್ಪನ ಚಪ್ಪಲಿಯ ಮೇಲೇ ವಾಂತಿ ಮಾಡಿದ. ಸುದ್ದಿ ಡಿಪೋಗೆ ಹೇಗೆ ಮುಟ್ಟಿತೋ, ಮರುದಿನ ಒಬ್ಬ ಡ್ರೈವರ್ ಊದಿ ಮುಗಿಸಿ, "ಮೇಷ್ಟ್ರೇ, ಮನೇಲೂ ಒಂದು ಪೀಪಿ ಇಟ್ಕೊಳ್ಳಿ, ಉಪಯೋಗಕ್ಕೆ ಬರುತ್ತೆ" ಎಂದ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಆಡಿದ್ದು ತಮಾಷೆಗೆ. ಮೇಷ್ಟ್ರು ಅದನ್ನೇ ನಿಜ ಮಾಡಿಬಿಟ್ಟರು. ಡಿಪೋದ ಮೂಲೆ ಸೇರಿದ್ದ ಹಳೆ ಮಷಿನ್ನನ್ನು ಕೇಳಿ ತಂದು, ರಿಪೇರಿ ಮಾಡಿಸಿ, ಬಾಗಿಲ ಪಕ್ಕದಲ್ಲಿ ಛತ್ರಿ ನೇತುಹಾಕುವ ಮೊಳೆಗೆ ಸಿಕ್ಕಿಸಿದರು.

"ಇವತ್ತಿಂದ ಊದಿ ಒಳಗೆ ಬರ್ಬೇಕು. ಕೆಂಪು ಬಂತೋ, ಈ ಬಾಗ್ಲು ನಿಂದಲ್ಲ. ಎಲ್ಲಿಗಾದ್ರೂ ಹಾಳಾಗಿ ಹೋಗು."

"ಅಪ್ಪಾ, ಒಂದು ಮಾತು..."

"ಮಾತು ಬೇಡ. ಊದು."

ಹೆಂಡತಿ ಅಡುಗೆಮನೆಯಿಂದಲೇ ಅಂದಳು, "ಅವನು ಏನು ಹೇಳ್ತಾನೆ ಅಂತ ಒಂದ್ಸಲ ಕೇಳ್ಬಾರ್ದಾ ರೀ?"

"ಇಂಥೋರ ಕಥೆ ಕೇಳೀ ಕೇಳೀ ನನ್ನ ಕಿವಿ ತೂತು ಬಿದ್ದಿದೆ" ಎಂದರು ಮೇಷ್ಟ್ರು. ಹುಡುಗ ಊದಿದ. ಕೀಂ ಎಂದಿತು. ಹಸಿರು. ಅವನು ಹೇಳಬೇಕೆಂದಿದ್ದ ಮಾತು ಹೊಸ್ತಿಲಾಚೆಯೇ ಉಳಿಯಿತು.

ಅಂದಿನಿಂದ ದಿನಾ ಹಸಿರೇ. ಮೇಷ್ಟ್ರು ಎದೆಯುಬ್ಬಿಸಿಕೊಂಡು, "ನೋಡಿದ್ಯಾ, ಹೆಂಗೆ ದಾರಿಗೆ ಬಂದ" ಎನ್ನುತ್ತಿದ್ದರು. ದಾರಿಯೂ ಇಲ್ಲ, ಮಣ್ಣೂ ಇಲ್ಲ. ಹುಡುಗ ಕುಡಿಯುವುದನ್ನು ಬಿಟ್ಟಿರಲಿಲ್ಲ, ಕುಡಿಯುವ ಹೊತ್ತನ್ನು ಬದಲಿಸಿದ್ದ, ಅಷ್ಟೆ. ಬೆಳಗಿನ ಕ್ಲಾಸಿಗೆ ಚಕ್ಕರ್ ಹಾಕಿ ಗೆಳೆಯನ ರೂಮಿನಲ್ಲಿ ಕುಡಿದರೆ ಸಂಜೆಯೊಳಗೆ ಇಳಿದಿರುತ್ತಿತ್ತು. ಇಳಿಯದ ದಿನ ಓದುವ ನೆಪ ಹೇಳಿ ಅಲ್ಲೇ ಉಳಿದುಬಿಡುತ್ತಿದ್ದ. ಆ ಗೆಳೆಯನಿಗೆ ಮೈಕಟ್ಟು ನೋಡಿ ಎಲ್ಲರೂ ಇಟ್ಟಿದ್ದ ಹೆಸರು ಕಡ್ಡಿ. ಇದೆಲ್ಲ ತಾಯಿಗೆ ಅರ್ಧ ಗೊತ್ತಿತ್ತು, ಹೇಳಲು ಬಾಯಿ ಬರುತ್ತಿರಲಿಲ್ಲ. ತಂದೆ ಮಗನ ಬಾಯಿ ನೋಡುತ್ತಿದ್ದರೇ ಹೊರತು ಮುಖ ನೋಡುತ್ತಿರಲಿಲ್ಲ.

ಪರೀಕ್ಷೆ ಮುಗಿದ ದಿನ ಮೇಷ್ಟ್ರಿಗೆ ವಾರದ ರಜೆ. ಊಟಕ್ಕೆ ಬರುತ್ತೇನೆಂದಿದ್ದ ಮಗ ಬರಲಿಲ್ಲ. ಫೋನ್ ಹೊಡೆದುಕೊಳ್ಳುತ್ತಿತ್ತು, ಎತ್ತುವವರಿಲ್ಲ. ಕಡ್ಡಿಗೆ ಮಾಡಿದರೆ, "ಆಗ್ಲೇ ಹೊರಟ್ನಲ್ಲ ಅಂಕಲ್" ಎಂದು ಫೋನ್ ಇಟ್ಟ. ಮೊದಮೊದಲು ಮೇಷ್ಟ್ರಿಗೆ ಬಂದದ್ದು ಸಿಟ್ಟು. "ಬರ್ಲಿ ಇವತ್ತು" ಎಂದು ಮೊಳೆಯ ಮೇಲಿನ ಮಷಿನ್ನನ್ನು ಒರೆಸಿಟ್ಟರು. ಬಿಸಿಲು ಬಾಗಿದ ಹಾಗೆ ಸಿಟ್ಟು ಇಳಿದು, ಗಾಡಿ ತೆಗೆದು ಹುಡುಕಲು ಹೊರಟರು. ಕಾಲೇಜಿಗೆ ಹೋದರು, ಗೇಟಿಗೆ ಬೀಗ. ಬಸ್ ಸ್ಟಾಪುಗಳಲ್ಲಿ ಹುಡುಕಿದರು, ಆಸ್ಪತ್ರೆಯ ಮುಂದೆ ನಿಂತು ಒಳಗೆ ಹೋಗಲು ಧೈರ್ಯ ಬಾರದೆ ವಾಪಸಾದರು. ತಾವೇ ಮನೆಗೆ ಅಟ್ಟಿದ್ದ ಡ್ರೈವರುಗಳಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, "ಸ್ವಲ್ಪ ರಸ್ತೆ ಕಡೆ ಕಣ್ಣಿಡ್ರಪ್ಪಾ, ನೀಲಿ ಅಂಗಿ ಹಾಕಿದಾನೆ" ಎಂದು ಗೋಗರೆದರು. ಒಬ್ಬನೂ ನಗಲಿಲ್ಲ.

ಕೊನೆಗೆ ಕಡ್ಡಿಯ ರೂಮಿನ ಬಾಗಿಲು ಬಡಿದರು. ತೆರೆದವನ ಕಣ್ಣು ಕೆಂಡದಂತಿದ್ದವು, ರೂಮು ಹೆಂಡದ ವಾಸನೆ ಹೊಡೆಯುತ್ತಿತ್ತು. ಮೇಷ್ಟ್ರು ಕೊರಳಪಟ್ಟಿ ಹಿಡಿದ ತಕ್ಷಣ ಅವನು ಗೊಳೋ ಎಂದು ಅತ್ತುಬಿಟ್ಟ.

"ಬೆಟ್ ಕಟ್ಟಿದ್ವಿ ಅಂಕಲ್. ಬಾಟ್ಲಿ ಬಾಯಿಂದ ತೆಗೀದೆ ಒಂದೇ ದಮ್ಮಿಗೆ ಯಾರು ಮುಗಿಸ್ತಾರೆ ಅಂತ. ಅವನೇ ಗೆದ್ದ. ಅವನಷ್ಟು ದಮ್ಮು ಯಾರಿಗೂ ಇಲ್ಲ. ದಿನಾ ಊದಿ ಊದಿ ಬಂದಿದ್ದು ಅಂತ ನಗ್ತಿದ್ದ."

"ಈಗೆಲ್ಲೋ ಅವನು?"

"ನಿಮ್ಮ ಬಿಲ್ಡಿಂಗ್ ಕೆಳಗೇ ಬಿಟ್ವಿ, ಮಧ್ಯಾಹ್ನಾನೇ. ಮೇಲೆ ಬಿಡ್ತೀವಿ ಅಂದ್ರೆ ಬೇಡ ಅಂದ. ಅಪ್ಪ ಮನೇಲಿದಾರೆ, ಟೆರೇಸ್ ಮೇಲೆ ಮಲಗಿರ್ತೀನಿ, ಹಸಿರು ಬರೋ ಅಷ್ಟು ಇಳಿದ ಮೇಲೆ ಹೋಗ್ತೀನಿ ಅಂದ."

"ಫೋನ್ ಮಾಡ್ದಾಗ ಯಾಕೋ ಬೊಗಳಲಿಲ್ಲ ಇದನ್ನ?"

ಕಡ್ಡಿ ಮುಖ ಮೇಲೆತ್ತಿದ. "ನಿಮಗೆ ಹೇಳೋಕಾಗುತ್ತಾ ಅಂಕಲ್?"

ಮೇಷ್ಟ್ರು ಗಾಡಿ ಹೇಗೆ ಓಡಿಸಿದರೋ ಅವರಿಗೇ ನೆನಪಿಲ್ಲ. ಕಂಡ ಕಂಡವರನ್ನು ಕೇಳುತ್ತ ಬೀದಿಯ ತುದಿಯಲ್ಲಿ ನಿಂತಿದ್ದ ಹೆಂಡತಿಗೆ "ಟೆರೇಸು!" ಎಂದಷ್ಟೇ ಕೂಗಿದರು. ಆಕೆಗೆ ಅಷ್ಟು ಸಾಕಾಯಿತು. ಇಬ್ಬರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಮೆಟ್ಟಿಲು ಹತ್ತಿದರು. ತೆರೆದೇ ಇದ್ದ ಮನೆ ಬಾಗಿಲ ಮುಂದೆ ಹಾಯುವಾಗ ಮೇಷ್ಟ್ರ ಕೈ ತಾನಾಗಿ ಒಳಗೆ ಚಾಚಿ ಮೊಳೆಯ ಮೇಲಿನ ಮಷಿನ್ನನ್ನು ಕಿತ್ತುಕೊಂಡಿತು.

ನೀರಿನ ಟ್ಯಾಂಕಿನ ಹಿಂದೆ, ಕಾಲೇಜು ಬ್ಯಾಗನ್ನು ತಲೆಗೆ ಕೊಟ್ಟುಕೊಂಡು ಹುಡುಗ ಅಂಗಾತ ಮಲಗಿದ್ದ. ನೆರಳಿದ್ದ ಜಾಗವನ್ನೇ ಹುಡುಕಿ ಮಲಗಿದ್ದನೇನೋ, ಬಿಸಿಲು ಸರಿದು ಬಂದು ಮುಖ ಸುಟ್ಟಿತ್ತು. ತುಟಿ ನೀಲಿಗಟ್ಟಿತ್ತು. ಕೆನ್ನೆಯ ಮೇಲೆ ವಾಂತಿ ಒಣಗಿತ್ತು. ಮೇಷ್ಟ್ರು ಮಂಡಿಯೂರಿ ಕುಸಿದು, ಮಷಿನ್ನಿನ ಕೊಳವೆಯನ್ನು ಆ ತುಟಿಗಳ ನಡುವೆ ಇಟ್ಟರು.

"ಊದು ಮಗನೇ. ಕೆಂಪು ಬರ್ಲಿ, ಏನ್ ಬೇಕಾದ್ರೂ ಬರ್ಲಿ, ಊದು. ಒಂದೇ ಒಂದ್ಸಲ. ನಾನೇನೂ ಅನ್ನಲ್ಲ ಕಣೋ, ಊದು!"

ಮಷಿನ್ ತುಟಿಪಿಟಕ್ ಎನ್ನಲಿಲ್ಲ. ಮೇಷ್ಟ್ರು ಅದನ್ನು ಕೊಡವಿ, ಒತ್ತಿ, ಮತ್ತೆ ಇಟ್ಟರು. ಹೆಂಡತಿ ಬೀಸಿ ಹೊಡೆದ ಏಟಿಗೆ ಅದು ಪ್ಯಾರಾಪೆಟ್ ಗೋಡೆಗೆ ಬಡಿದು ಒಡೆಯಿತು. ಆಕೆ ಮಗನನ್ನು ಪಕ್ಕಕ್ಕೆ ಹೊರಳಿಸಿ, ಬಾಯೊಳಗೆ ಬೆರಳು ಹಾಕಿ ಗೋರಿ ಗೋರಿ ತೆಗೆದಳು. ಎದೆಯ ಆಳದಲ್ಲೆಲ್ಲೋ ಗೊರ್ ಎಂದಿತು. "ಇದೆ ರೀ, ಜೀವ ಇದೆ! ಆಂಬುಲೆನ್ಸಿಗೆ ಮಾಡ್ರೀ! ಹಂಗೇನ್ ಕೂತಿದೀರಿ?"

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡಲಿಲ್ಲ. "ವಾಂತಿ ಶ್ವಾಸಕೋಶಕ್ಕೆ ಇಳಿದಿದೆ. ಬಹಳ ಹೊತ್ತು ಮೆದುಳಿಗೆ ಸರಿಯಾಗಿ ಆಕ್ಸಿಜನ್ ಹೋಗಿಲ್ಲ. ಎಚ್ಚರ ಆದ ಮೇಲೇ ಬುದ್ಧಿ, ನೆನಪು ಎಷ್ಟು ಉಳಿದಿದೆ ಅಂತ ಗೊತ್ತಾಗೋದು. ಕುಡಿದೋರನ್ನ ಒಬ್ಬರನ್ನೇ ಹಂಗೆ ಬಿಡ್ತಾರಾ? ಕೆಳಗಡೇನೇ ಇದ್ರಂತಲ್ಲ ನೀವು?"

ಐಸಿಯುವಿನ ಗಾಜಿನ ಕೋಣೆಯ ಹೊರಗಿನ ಬೆಂಚಿನಲ್ಲಿ, ಎರಡನೇ ದಿನ, ಹೆಂಡತಿ ಅಂದಳು. "ಮೆಟ್ಟಿಲ ಸದ್ದು ನಂಗೆ ಕೇಳಿತ್ತು ರೀ. ನಮ್ಮ ಬಾಗ್ಲ ಹತ್ರ ಬಂದು ನಿಂತ್ಕೊಂಡ್ತು. ಆಮೇಲೆ ಮೇಲಕ್ಕೆ ಹೋಯ್ತು. ಯಾರೋ ಬಟ್ಟೆ ಒಣಗಿಸೋಕೆ ಅಂದ್ಕೊಂಡೆ. ನಿಮ್ಮ ಚಪ್ಪಲಿ ಹೊರಗಿತ್ತಲ್ಲ, ಅದನ್ನ ನೋಡಿರ್ಬೇಕು."

ಮೇಷ್ಟ್ರು ತಮ್ಮ ಕಾಲನ್ನೇ ನೋಡುತ್ತ ಕೂತರು. ಅಂದು ಬರಿಗಾಲಲ್ಲಿ ಆಂಬುಲೆನ್ಸ್ ಹತ್ತಿ ಬಂದವರು, ಆಮೇಲೂ ಚಪ್ಪಲಿ ತರಿಸಿಕೊಂಡಿರಲಿಲ್ಲ.

ಹುಡುಗ ಕಣ್ಣು ಬಿಟ್ಟ ದಿನ ಇಬ್ಬರನ್ನೂ ಒಳಗೆ ಬಿಟ್ಟರು. ಮೂಗು ಬಾಯಿಗೆ ಮಾಸ್ಕ್ ಹಾಕಿದ್ದರು. ತಾಯಿ "ಮರೀ, ಮರೀ" ಎಂದು ಕೈ ಸವರಿದಳು. ಅವನ ಕಣ್ಣು ಆಕೆಯ ಮೇಲೆ ಹಾದು ಹೋಯಿತು, ಗುರುತು ಸಿಕ್ಕಿದ ಹಾಗೆ ಕಾಣಲಿಲ್ಲ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು.

ಮೇಷ್ಟ್ರು ಮುಂದೆ ಬಾಗಿದರು. ಅಪ್ಪನ ಮುಖ ಎದುರಿಗೆ ಬಂದದ್ದೇ ತಡ, ಹುಡುಗನ ಕಣ್ಣಲ್ಲಿ ಏನೋ ಅಲುಗಿತು. ಭಯ. ಅದೊಂದನ್ನು ಅವನು ಮರೆತಿರಲಿಲ್ಲ. ಮಾಸ್ಕಿನೊಳಗೆ ತುಟಿ ದುಂಡಗಾಯಿತು. ಅವನು ಊದಲು ಶುರುಮಾಡಿದ.

"ಬೇಡ ಮಗನೇ, ಬೇಡ. ಸಾಕು" ಎಂದರು ಮೇಷ್ಟ್ರು. ಹುಡುಗ ನಿಲ್ಲಿಸಲಿಲ್ಲ. ಕೊರಳ ನರ ಉಬ್ಬಿತು, ಎದೆ ಗೊರಗುಟ್ಟಿತು, ಪಕ್ಕದ ಪರದೆಯ ಮೇಲೆ ಗೆರೆಗಳು ಅಡ್ಡಾದಿಡ್ಡಿ ಎದ್ದವು. ಕೂಗು ಕೇಳುವವರೆಗೂ ಬಿಡಬಾರದೆಂದು ಕಲಿಸಿದವರು ಯಾರು? ನರ್ಸು ಓಡಿ ಬಂದಳು. ಮೇಷ್ಟ್ರು ಮಗನ ಕಿವಿಯ ಹತ್ತಿರ ಬಾಯಿಟ್ಟು, ಮಷಿನ್ನಿನ ಹಾಗೆ ತಾವೇ ಕೂಗಿದರು.

"ಕೀಂ."

ತುಟಿ ಸಡಿಲವಾಯಿತು. ಹುಡುಗ ಅಪ್ಪನ ಮುಖವನ್ನೇ ನೋಡುತ್ತ ಕಾದ.

"ಹಸಿರು ಬಂತು ಕಣೋ" ಎಂದರು ಮೇಷ್ಟ್ರು. "ಬಾ. ಒಳಗೆ ಬಾ."